ಹೆಡ್‌ಲೈಟಿಗೆ ಕ್ಸೆನಾನ್ ಬಲ್ಬ್: ನಮಗೆ ಬೆಳಕು, ಎದುರಿನವರಿಗೆ ಕತ್ತಲು

ವಿಟ್ಲ: ಮಳೆಗಾಲದ ರಾತ್ರಿ ಕಲ್ಲಡ್ಕದಿಂದ ವಿಟ್ಲಕ್ಕೋ, ವಿಟ್ಲದಿಂದ ಕಬಕಕ್ಕೋ ಹಳೆ ಕಾರಿನಲ್ಲಿ ಬಂದವರಿಗೆ ಗೊತ್ತು. ಕಂಪೆನಿಯ ಹಳದಿ ಬಲ್ಬಿನ ಬೆಳಕನ್ನು ಒದ್ದೆ ಡಾಮರು ನುಂಗಿಬಿಡುತ್ತದೆ, ತಿರುವಿನಲ್ಲಿ ಹೊಂಡ ಕಾಣುವುದು ಚಕ್ರ ಇಳಿದ ಮೇಲೆಯೇ. ಆಗ ಸಿಗುವ ಸಲಹೆ ಒಂದೇ: 'ಎಚ್‌ಐಡಿ ಹಾಕಿಸಿ ಮಾರಾಯ್ರೆ, ರಾತ್ರಿ ಹಗಲಾಗ್ತದೆ.'

ಹಗಲಾಗುವುದು ಸುಳ್ಳಲ್ಲ. ಹೆಚ್ಚಿನ ಹಳೆ ಕಾರುಗಳಲ್ಲಿರುವ 60/55 ವ್ಯಾಟ್‌ನ ಎಚ್‌4 ಹ್ಯಾಲೋಜನ್ ಬಲ್ಬ್ ಡಿಮ್‌ನಲ್ಲಿ ಕೊಡುವುದು ಸುಮಾರು 1,000 ಲ್ಯೂಮೆನ್ ಬೆಳಕು. 35 ವ್ಯಾಟ್‌ನ ಕ್ಸೆನಾನ್ ಬಲ್ಬ್ 3,000ದ ಹತ್ತಿರ ಕೊಡುತ್ತದೆ. ಇದರಲ್ಲಿ ಫಿಲಮೆಂಟ್ ಇಲ್ಲ. ಬ್ಯಾಲಸ್ಟ್ ಎಂಬ ಪೆಟ್ಟಿಗೆ 12 ವೋಲ್ಟನ್ನು ಒಂದು ಕ್ಷಣ 20,000 ವೋಲ್ಟಿಗೂ ಮೇಲೇರಿಸಿ ಅನಿಲದೊಳಗೆ ಕಿಡಿ ಹೊತ್ತಿಸುತ್ತದೆ.

ತೊಂದರೆ ಇರುವುದು ಬಲ್ಬಿನಲ್ಲಲ್ಲ, ಅದನ್ನು ಕೂರಿಸುವ ಜಾಗದಲ್ಲಿ. ಎಚ್‌4 ಬಲ್ಬಿನ ಡಿಮ್ ಫಿಲಮೆಂಟಿನ ಕೆಳಗೆ ಸಣ್ಣ ಲೋಹದ ತಟ್ಟೆಯೊಂದಿದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಡಿದು ರಸ್ತೆಗೆ ಇಳಿಯಲಿ ಅಂತ ಆ ಏರ್ಪಾಡು. ಇಡೀ ರಿಫ್ಲೆಕ್ಟರ್ ರೂಪಿಸಿರುವುದೇ ಆ ಫಿಲಮೆಂಟಿನ ಲೆಕ್ಕದಲ್ಲಿ. ಕ್ಸೆನಾನ್ ಕಿಡಿಯ ಆಕಾರ, ಜಾಗ ಎರಡೂ ಬೇರೆ. ಕೂದಲೆಳೆ ಆಚೀಚೆ ಆದರೂ ಬೆಳಕು ಚದರಿ, ಎದುರು ಬರುವ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ಅಗಲವಿಲ್ಲದ ನಮ್ಮ ಘಟ್ಟದ ಬುಡದ ರಸ್ತೆಗಳಲ್ಲಿ ಅವನಿಗೆ ಬದಿಗೆ ಸರಿಯಲು ಇರುವುದು ಚರಂಡಿ ಮಾತ್ರ.

ಕಂಪೆನಿಯಿಂದಲೇ ಕ್ಸೆನಾನ್ ಬರುವ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಪ್ರೊಜೆಕ್ಟರ್ ಲೆನ್ಸ್ ಇರುತ್ತದೆ, ಹಿಂದೆ ಭಾರ ಹೇರಿದರೆ ಬೆಳಕು ತಾನಾಗಿ ತಗ್ಗುವ ವ್ಯವಸ್ಥೆಯೂ ಇರುತ್ತದೆ. ಪೇಟೆಯ ಕಿಟ್‌ನಲ್ಲಿ ಇದ್ಯಾವುದೂ ಇಲ್ಲ. ಮತ್ತೆ, 8,000 ಕೆಲ್ವಿನ್‌ನ ನೀಲಿ ಬಲ್ಬ್ ನೋಡಲು ಗಮ್ಮತ್ತು, ಆದರೆ 4,300ರದ್ದಕ್ಕಿಂತ ನಿಜವಾದ ಬೆಳಕು ಕಡಿಮೆಯೇ.

ಕಾನೂನೂ ಸ್ಪಷ್ಟ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ ದೀಪದಿಂದ 8 ಮೀಟರ್ ದೂರ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. 2024ರ ಜುಲೈಯಿಂದ ರಾಜ್ಯ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರಡಿ ವಿಶೇಷ ಕಾರ್ಯಾಚರಣೆ ನಡೆಸಿದ್ದರು. ಕಾಯ್ದೆಯಲ್ಲಿ ಮೊದಲ ತಪ್ಪಿಗೆ 500 ರೂ. ತನಕ ದಂಡವಿದೆ. ಎಲ್‌ಇಡಿ ಬಲ್ಬಿಗೂ ಇದೇ ಮಾತು.

ಹಾಗಾದರೆ ಬೆಳಕು ಸಾಲದವರು ಏನು ಮಾಡಬೇಕು? ಮೊದಲು ಹೆಡ್‌ಲೈಟಿನ ಪ್ಲಾಸ್ಟಿಕ್ ಗಾಜು ನೋಡಿ. ಬಿಸಿಲಿಗೆ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿದರೇ ಅರ್ಧ ಸಮಸ್ಯೆ ಮುಗಿದೀತು. ಆಮೇಲೆ ವಯರಿಂಗ್. ಹಳೆ ಗಾಡಿಗಳಲ್ಲಿ ಬಲ್ಬಿಗೆ ಪೂರ್ತಿ ವೋಲ್ಟೇಜ್ ತಲುಪುವುದೇ ಇಲ್ಲ. ರಿಲೇ ಇರುವ ವಯರಿಂಗ್ ಕಿಟ್ ಹಾಕಿ, ಒಳ್ಳೆ ಕಂಪೆನಿಯ 60/55 ವ್ಯಾಟ್‌ನದ್ದೇ ಹೊಸ ಬಲ್ಬ್ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 100/90 ವ್ಯಾಟ್ ಬೇಡ, ಹೋಲ್ಡರ್ ಕರಗುತ್ತದೆ.

ಕೊನೆಗೆ ಮಟ್ಟ ನೋಡುವುದು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ಹಿಂದೆ ಕಾರು ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲ್ಗೆರೆ ಹೆಡ್‌ಲೈಟಿನ ನಡುಭಾಗಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು, ಎಡಬದಿ ಮಾತ್ರ ಸ್ವಲ್ಪ ಮೇಲೇರಿರುತ್ತದೆ. ಡಿಕ್ಕಿಯಲ್ಲಿ ಅಡಿಕೆ ಮೂಟೆ ಹಾಕಿ ಹೊರಟ ದಿನ ಸ್ಟಿಯರಿಂಗ್ ಬಳಿಯ ಲೆವೆಲಿಂಗ್ ಸ್ವಿಚ್ಚನ್ನು 0ಯಿಂದ 2ಕ್ಕೋ 3ಕ್ಕೋ ತಿರುಗಿಸಿ. ಆ ಸ್ವಿಚ್ ಹೆಚ್ಚಿನ ಕಾರುಗಳಲ್ಲಿದೆ, ಮುಟ್ಟಿದವರು ಕಡಿಮೆ.