ಸಿಂಪ್ಯೂಟರ್

ಸಿಂಪ್ಯೂಟರ್ ಬೆಂಗಳೂರಿನಲ್ಲಿ ರೂಪುಗೊಂಡ, ಲಿನಕ್ಸ್ ಆಧಾರಿತ ಕೈಗಣಕ. ಅಕ್ಷರ ಬಾರದವರೂ ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ ಅಗ್ಗದ ಸಾಧನವನ್ನು ನಿರ್ಮಿಸುವುದು ಇದರ ಉದ್ದೇಶವಾಗಿತ್ತು. ಸ್ಮಾರ್ಟ್‌ಫೋನುಗಳು ವ್ಯಾಪಕವಾಗುವ ಮೊದಲೇ ಬಂದ ಇದು, ಮುಕ್ತ ತಂತ್ರಾಂಶದ ಆದರ್ಶವನ್ನು ವ್ಯಾಪಾರದೊಡನೆ ಹೊಂದಿಸಲು ಮಾಡಿದ ಪ್ರಯತ್ನಕ್ಕಾಗಿ ಗಮನಾರ್ಹವಾಗಿದೆ.

ಹಿನ್ನೆಲೆ

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ವಿಚಾರಸಂಕಿರಣವೊಂದರಲ್ಲಿ ಈ ಕಲ್ಪನೆ ಮೂಡಿತು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಲಾಭೋದ್ದೇಶವಿಲ್ಲದ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಮೊದಲ ಮಾದರಿ 2001ರ ಏಪ್ರಿಲ್‌ನಲ್ಲಿ ಪ್ರದರ್ಶಿತವಾಯಿತು. ಒಂದು ಸಾಧನವನ್ನು ಊರಿನ ಹಲವರು ಹಂಚಿಕೊಳ್ಳಬೇಕು, ತಂತಮ್ಮ ವಿವರಗಳನ್ನು ಮಾತ್ರ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು ಎಂಬುದು ಯೋಜನೆ. ಪಠ್ಯವನ್ನು ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶವಿತ್ತು.

ಪರವಾನಗಿ

ತಂತ್ರಾಂಶವನ್ನು ನಕಲು ಮಾಡಲು ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಯಂತ್ರಾಂಶದ ಮಾತು ಬೇರೆ. ಅಚ್ಚು, ಬಿಡಿಭಾಗ, ಜೋಡಣೆ ಎಲ್ಲಕ್ಕೂ ಬಂಡವಾಳ ಬೇಕು. ತಾನು ಹಣ ಹೂಡಿ ಸುಧಾರಿಸಿದ ವಿನ್ಯಾಸ ಮರುದಿನವೇ ಪ್ರತಿಸ್ಪರ್ಧಿಯ ಕೈಸೇರುವುದಾದರೆ ಯಾವ ತಯಾರಕನೂ ಮುಂದೆ ಬರಲಾರ. ಆದ್ದರಿಂದ ಟ್ರಸ್ಟ್, ತಂತ್ರಾಂಶ ಲೋಕದ ಜಿಪಿಎಲ್ ಪರವಾನಗಿಯ ಮಾದರಿಯಲ್ಲಿ ಯಂತ್ರಾಂಶಕ್ಕಾಗಿಯೇ ಎಸ್‌ಜಿಪಿಎಲ್ ಎಂಬ ಪರವಾನಗಿಯನ್ನು ರೂಪಿಸಿತು. ಇದರಂತೆ ಮೂಲ ವಿನ್ಯಾಸವನ್ನು ಯಾರೂ ಬಳಸಿ ಬದಲಿಸಬಹುದು. ಮಾರಾಟ ಮಾಡುವವರು ಟ್ರಸ್ಟಿಗೆ ಒಮ್ಮೆ ಶುಲ್ಕ ಕೊಡಬೇಕು. ಹಿಂದುಳಿದ ದೇಶಗಳ ತಯಾರಕರಿಗೆ ಶುಲ್ಕ ಕಡಿಮೆ. ತಾವು ಮಾಡಿದ ಬದಲಾವಣೆಗಳನ್ನು ಮೊದಲ ಮಾರಾಟದಿಂದ ಒಂದು ವರ್ಷದೊಳಗೆ ಟ್ರಸ್ಟಿಗೆ ಒಪ್ಪಿಸಬೇಕು. ಆ ಒಂದು ವರ್ಷವೇ ವ್ಯಾಪಾರಕ್ಕೆ ಬಿಟ್ಟ ಅವಕಾಶ. ಅಲ್ಲಿಯವರೆಗೆ ಲಾಭ, ಆಮೇಲೆ ಲೋಕದ ಸ್ವತ್ತು ಎಂಬ ಈ ಏರ್ಪಾಡು ಜಾಣತನದ್ದು; ಪರವಾನಗಿ ಸೋತಿತೆನ್ನುವುದಕ್ಕಿಂತ ಅದಕ್ಕೆ ಸಾಕಷ್ಟು ತಯಾರಕರು ದೊರೆಯಲಿಲ್ಲ ಎನ್ನುವುದು ಸರಿಯಾದೀತು.

ಮಾರುಕಟ್ಟೆ

ಪಿಕೊಪೆಟಾ ಸಂಸ್ಥೆಯು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆಗೂಡಿ 2004ರಲ್ಲಿ 'ಅಮಿಡಾ ಸಿಂಪ್ಯೂಟರ್' ಬಿಡುಗಡೆ ಮಾಡಿತು. ಬೆಲೆ ಸುಮಾರು 10,000 ರೂಪಾಯಿಗಳಿಂದ ಆರಂಭ. ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಬೆಲೆ ಇಳಿಯಲು ಹೆಚ್ಚು ಮಾರಾಟವಾಗಬೇಕು, ಹೆಚ್ಚು ಮಾರಾಟವಾಗಲು ಬೆಲೆ ಇಳಿಯಬೇಕು ಎಂಬ ತೊಡಕು ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿ ತಲುಪಿತ್ತು.

ನಂತರದ ಬೆಳವಣಿಗೆ

2008ರಲ್ಲಿ ಫೋನುಗಳಿಗೆ ಬಂದ ಆಂಡ್ರಾಯ್ಡ್ ಬೇರೆ ದಾರಿ ಹಿಡಿಯಿತು. ಅದರ ತಳಹದಿ ಮುಕ್ತ. ಪ್ಲೇ ಸ್ಟೋರ್ ಮುಂತಾದವು ಗೂಗಲ್‌ನ ಖಾಸಗಿ ಸ್ವತ್ತು. ಇವನ್ನು ಫೋನ್ ತಯಾರಕರಿಗೆ ಕೊಡಲು ಗೂಗಲ್ ವಿಧಿಸಿದ ಷರತ್ತುಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಸಿಂಪ್ಯೂಟರ್ ಮರೆಯಾದರೂ 'ಧ್ವನಿ' ಮುಕ್ತ ತಂತ್ರಾಂಶವಾಗಿದ್ದುದರಿಂದ ಉಳಿಯಿತು. ಕೇರಳದ ಸಂತೋಷ್ ತೊಟ್ಟಿಂಗಲ್ ಅದನ್ನು ಮುಂದುವರಿಸಿ ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು.