ಪಾತ್ರೆಗೆ ಮೀರಿದ ಸಂಖ್ಯೆ

1996ನೆಯ ಇಸವಿ ಜೂನ್ 4ರಂದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಐರೋಪ್ಯ ರಾಷ್ಟ್ರಗಳ ಏರಿಯಾನ್-5 ರಾಕೆಟ್ಟು ಮೊತ್ತಮೊದಲ ಬಾರಿಗೆ ಮೇಲೇರಿತು. ಭೂಮಿಯ ಕಾಂತಾವರಣವನ್ನು ಅಭ್ಯಸಿಸಬೇಕಾಗಿದ್ದ ‘ಕ್ಲಸ್ಟರ್’ ಎಂಬ ನಾಲ್ಕು ಉಪಗ್ರಹಗಳು ಅದರಲ್ಲಿದ್ದುವು. ಎಂಜಿನು ಹೊತ್ತಿಕೊಂಡು ಸುಮಾರು 40 ಸೆಕೆಂಡು ಕಳೆಯುವಷ್ಟರಲ್ಲಿ ರಾಕೆಟ್ಟು ಅಡ್ಡತಿರುಗಿ ನುಚ್ಚುನೂರಾಯಿತು. ಎಂಜಿನಿನಲ್ಲಿ ದೋಷವಿರಲಿಲ್ಲ. ಕೆಟ್ಟದ್ದು ಒಂದು ಸಂಖ್ಯೆ.

ಗಣಕಯಂತ್ರದಲ್ಲಿ ಸಂಖ್ಯೆಗಳನ್ನು ಬೇರೆಬೇರೆ ಅಳತೆಯ ಪಾತ್ರೆಗಳಲ್ಲಿ ಇಡುತ್ತಾರೆಂದು ಭಾವಿಸೋಣ. 16 ಬಿಟ್ಟುಗಳ ಪಾತ್ರೆಯಲ್ಲಿ −32,768ರಿಂದ 32,767ರವರೆಗಿನ ಪೂರ್ಣಾಂಕಗಳು ಮಾತ್ರ ಹಿಡಿಸುತ್ತವೆ. ಸೇರಿನೊಳಕ್ಕೆ ಕೊಳಗದ ಭತ್ತವನ್ನು ಸುರಿದರೆ ಚೆಲ್ಲಿದ್ದು ಕಣ್ಣಿಗೆ ಕಾಣುತ್ತದೆ. ಯಂತ್ರದೊಳಗೆ ಚೆಲ್ಲಿದ್ದು ಕಾಣುವುದಿಲ್ಲ. ಆಗ ಏನಾಗಬೇಕೆಂಬುದನ್ನು ಪ್ರೋಗ್ರಾಮಿನ ಭಾಷೆಯನ್ನು ರೂಪಿಸುವವರು ಮೊದಲೇ ನಿರ್ಧರಿಸಬೇಕಾಗುತ್ತದೆ. ಜಾವಾ ಭಾಷೆಯಲ್ಲಿ 40,000 ಎಂಬ ಪೂರ್ಣಾಂಕವನ್ನು ಬಲವಂತವಾಗಿ ಅಂಥ ಪಾತ್ರೆಗೆ ತುಂಬಿದರೆ, ಸದ್ದಿಲ್ಲದೆ −25,536 ದೊರೆಯುತ್ತದೆ! ಏಡಾ ಭಾಷೆಯ ಮತ ಬೇರೆ. ಅಲ್ಲಿ ಹಿಡಿಸದ ಸಂಖ್ಯೆ ಬಂದೊಡನೆ ಕೂಗು ಏಳುತ್ತದೆ. ಆ ಕೂಗಿಗೆ ಓಗೊಡುವ ಏರ್ಪಾಡು ಪ್ರೋಗ್ರಾಮಿನಲ್ಲಿಲ್ಲದಿದ್ದರೆ ಕೆಲಸವೇ ನಿಲ್ಲುತ್ತದೆ. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಈ ಎರಡನೆಯ ಮತವೇ ಹಿತವೆನಿಸುತ್ತದೆ. ಧೈರ್ಯದಿಂದ ಬರೆದ ತಪ್ಪು ಉತ್ತರಕ್ಕಿಂತ ಖಾಲಿ ಪುಟ ಎಷ್ಟೋ ವಾಸಿ.

ಆದರೆ ಏರಿಯಾನಿನ ದಿಕ್ಕು-ವೇಗಗಳನ್ನು ಅಳೆಯುವ ಪ್ರೋಗ್ರಾಮು ಏಡಾದಲ್ಲಿಯೇ ಇತ್ತು. ಅಪಾಯಕ್ಕೊಳಗಾಗಬಹುದಾದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ಕಾವಲಿಟ್ಟಿದ್ದರು. ಯಂತ್ರದ ದುಡಿಮೆ ಅದರ ಶಕ್ತಿಯ ಶೇಕಡಾ 80ನ್ನು ಮೀರಬಾರದೆಂಬ ಗುರಿಯಿದ್ದುದೇ ಈ ಮಿತವ್ಯಯಕ್ಕೆ ಕಾರಣ. ಹಳೆಯ ಏರಿಯಾನ್-4ರಲ್ಲಿ ಉಳಿದ ಮೂರು ಸಂಖ್ಯೆಗಳು ಎಲ್ಲೆ ಮೀರುವಂತಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗವು ಬಹು ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್ಟಿನ ಸಂಖ್ಯೆಯೊಂದು 16 ಬಿಟ್ಟಿಗೆ ಇಳಿಯಲೊಲ್ಲದೆ ಹೋಯಿತು. ಮೊದಲು ಮೀಸಲು ಗಣಕ ನಿಂತಿತು. ಅದೇ ಪ್ರೋಗ್ರಾಮನ್ನು ಹೊತ್ತಿದ್ದ ಮುಖ್ಯ ಗಣಕವೂ ಮರುಕ್ಷಣದಲ್ಲಿ ನಿಂತು, ತನ್ನ ದೋಷದ ವರದಿಯನ್ನು ಹೊರಗೆಡವಿತು. ಹಾರಾಟವನ್ನು ನಡೆಸುತ್ತಿದ್ದ ಯಂತ್ರವು ಆ ವರದಿಯನ್ನೇ ದಿಕ್ಕಿನ ಅಳತೆಯೆಂದು ಓದಿಕೊಂಡು ಎಂಜಿನುಗಳ ಮೂತಿಗಳನ್ನು ಪೂರ್ತಿ ಹೊರಳಿಸಿತು.

ವಿಚಿತ್ರವೆಂದರೆ, ಎಡವಿದ ಆ ಲೆಕ್ಕ ಏರಿಯಾನ್-5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಅಲ್ಲಿ ತಪ್ಪು ಸಂಖ್ಯೆಯೊಂದು ಮೌನವಾಗಿ ಕುಳಿತಿದ್ದರೂ ಪ್ರಾಯಶಃ ಯಾರಿಗೂ ಬಾಧೆಯಿರುತ್ತಿರಲಿಲ್ಲ. ಯಾವ ಲೆಕ್ಕ ನಿಲ್ಲಬಹುದು, ಯಾವುದು ನಿಲ್ಲಕೂಡದು ಎಂಬುದು ಭಾಷೆಗೆ ತಿಳಿಯದು. ರಸ್ಟ್ ಮೊದಲಾದ ಇತ್ತೀಚಿನ ಭಾಷೆಗಳು ಪೂರ್ಣಾಂಕವನ್ನು ಚಿಕ್ಕ ಪಾತ್ರೆಗೆ ಇಳಿಸುವಾಗ ‘ಹಿಡಿಸಿತು’ ಅಥವಾ ‘ಹಿಡಿಸಲಿಲ್ಲ’ ಎಂಬ ಉತ್ತರವನ್ನು ಕೈಗಿತ್ತು, ಮುಂದಿನ ತೀರ್ಮಾನವನ್ನು ಬರೆಯುವವನಿಗೇ ಬಿಡುವ ಮಾರ್ಗವನ್ನೂ ಒದಗಿಸಿವೆ.

ತನಿಖಾ ಮಂಡಲಿಯು ಅದೇ ವರ್ಷ ನೀಡಿದ ಸಲಹೆಗಳಲ್ಲಿ ಒಂದು ಹೀಗಿತ್ತು: ಅಳೆಯುವ ಉಪಕರಣವು, ತನಗೆ ಸಾಧ್ಯವಾದಷ್ಟು ಒಳ್ಳೆಯ ಅಳತೆಯನ್ನು ಕಳುಹಿಸುವುದನ್ನು ಎಂದಿಗೂ ನಿಲ್ಲಿಸಕೂಡದು. ಹೊಸದಾಗಿ ಕಟ್ಟಿದ ಕ್ಲಸ್ಟರ್ ಉಪಗ್ರಹಗಳು 2000ದಲ್ಲಿ ರಷ್ಯದ ಸೋಯುಜ್ ರಾಕೆಟ್ಟುಗಳನ್ನೇರಿ ಕಕ್ಷೆ ಸೇರಿದುವು.