ಮನೆಯಲ್ಲಿ ಮೊಟ್ಟೆಗೆ ಕಾವು: ಉಷ್ಣಾಂಶ ಮತ್ತು ತೇವಾಂಶದ ನಿರ್ವಹಣೆ

ಸ್ವಸಹಾಯ ಸಂಘಗಳ ಮಹಿಳೆಯರು ಕೋಳಿ ಸಾಕಣೆಗೆ ಸಾಲ ಪಡೆಯುವಾಗ ಸಣ್ಣ ಇನ್‌ಕ್ಯುಬೇಟರ್ ಖರೀದಿಯನ್ನೂ ಅದರಲ್ಲಿ ಸೇರಿಸುವುದುಂಟು. ಐವತ್ತು ಮೊಟ್ಟೆಯಿಟ್ಟು 21 ದಿನ ಕಾದ ಬಳಿಕ ಹತ್ತು ಮರಿಯೂ ಹೊರಬರದಿದ್ದರೆ ನಷ್ಟವು ಮೊಟ್ಟೆಯ ಬೆಲೆಗೆ ನಿಲ್ಲುವುದಿಲ್ಲ. ಸಾಲದ ಕಂತು ಬಾಕಿ ಬೀಳುತ್ತದೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಆಗ ಯಂತ್ರವನ್ನೋ ಮೊಟ್ಟೆ ಕೊಟ್ಟವರನ್ನೋ ದೂರುವುದು ವಾಡಿಕೆ. ಆದರೆ ಹಲವು ಸಂದರ್ಭಗಳಲ್ಲಿ ದೋಷವಿರುವುದು ಪೆಟ್ಟಿಗೆಯೊಳಗಿನ ಗಾಳಿಯನ್ನು ನೋಡಿಕೊಂಡ ಬಗೆಯಲ್ಲಿ. ಸಾಲದ ಅರ್ಜಿ ಹಾಗೂ ಅಹವಾಲುಗಳು ಸದಸ್ಯರ ಮುಂದೆ ಬರುವುದರಿಂದ ಈ ವಿಷಯದ ಸ್ಥೂಲ ತಿಳಿವಳಿಕೆ ಅವರಿಗೆ ಅಗತ್ಯ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆಗೆ ಬೇಕಾದ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಬಿಸಿ ಗಾಳಿ ಮೇಲೆಯೇ ನಿಲ್ಲುವುದರಿಂದ ಮೊಟ್ಟೆಯ ಮೇಲ್ತುದಿಯ ಮಟ್ಟದಲ್ಲಿ ಸುಮಾರು 38.5 ಡಿಗ್ರಿ ಇರಬೇಕು. ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಮಾಪಕ ತೋರಿಸುವುದು ಮುಚ್ಚಳದ ಬಳಿಯ ಉಷ್ಣಾಂಶವನ್ನೇ ಹೊರತು ಮೊಟ್ಟೆಯದನ್ನಲ್ಲ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಇಟ್ಟು ಹೋಲಿಸಿದರೆ ಮಾಪಕದ ತಪ್ಪು ಗೊತ್ತಾಗುತ್ತದೆ. ಕಾವು ತುಸು ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ. ಹೆಚ್ಚಾದರೆ ಹಾನಿ ಗಂಭೀರ: 40.5 ಡಿಗ್ರಿ ದಾಟಿ ಕೆಲವು ಗಂಟೆ ಉಳಿದರೂ ಭ್ರೂಣ ಸಾಯಬಹುದು. ಕೊನೆಯ ವಾರದಲ್ಲಿ ಬೆಳೆದ ಮರಿಗಳೇ ಶಾಖ ಹೊರಸೂಸುವುದರಿಂದ ಆ ದಿನಗಳಲ್ಲಿ ಹೆಚ್ಚು ನಿಗಾ ಬೇಕು.

ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್‌-ಮೇ ತಿಂಗಳ ಮಧ್ಯಾಹ್ನ ಹೊರಗಿನ ಉಷ್ಣಾಂಶವೇ 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ ಥರ್ಮೋಸ್ಟ್ಯಾಟ್ ಬಲ್ಬನ್ನು ಆರಿಸಿದರೂ ಪ್ರಯೋಜನವಿಲ್ಲ. ಅಲ್ಲಿ ಆ ಎರಡು ತಿಂಗಳು ಮೊಟ್ಟೆ ಇಡದಿರುವುದೇ ಲೇಸು. ಇಡಲೇಬೇಕಾದರೆ ದಪ್ಪ ಮಣ್ಣಿನ ಗೋಡೆಯ ಒಳಕೋಣೆ ಆರಿಸಬೇಕು. ಇನ್ನೊಂದು ಸಣ್ಣ ಸಂಗತಿ: ಬಲ್ಬಿನ ಪೆಟ್ಟಿಗೆಗೆ ಹಳೆಯ ಮಾದರಿಯ ತಂತಿಯ ಬಲ್ಬೇ ಬೇಕು. ವಿದ್ಯುತ್ ಉಳಿಸಲು ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಕಾವು ಸಾಲದು.

ತೇವಾಂಶದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಮೊದಲ 18 ದಿನ ಪೆಟ್ಟಿಗೆಯೊಳಗೆ ಶೇ. 50ರಿಂದ 55, ಕೊನೆಯ ಮೂರು ದಿನ ಶೇ. 65ರಿಂದ 70 ಇರಬೇಕೆಂಬುದು ಸಾಮಾನ್ಯ ಸೂತ್ರ. ಇದನ್ನು ಕೇಳಿದವರು ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಒಂದೇ ಅಳತೆಯ ನೀರು ಇಡುತ್ತಾರೆ. ಗಾಳಿ ಬಿಸಿಯಾದಂತೆ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಮಳೆಗಾಲದ ಕರಾವಳಿಯಲ್ಲಿ 26 ಡಿಗ್ರಿಯ, ಶೇ. 90 ತೇವಾಂಶದ ಗಾಳಿಯನ್ನು 37.5 ಡಿಗ್ರಿಗೆ ಕಾಯಿಸಿದರೂ ಶೇ. 47ರಷ್ಟು ಉಳಿಯುತ್ತದೆ; ಅಲ್ಲಿ ಒಂದು ಸಣ್ಣ ಬಟ್ಟಲು ನೀರು ಸಾಕು. ಬಯಲುಸೀಮೆಯಲ್ಲಿ 30 ಡಿಗ್ರಿಯ, ಶೇ. 50 ತೇವಾಂಶದ ಗಾಳಿ ಅದೇ ಕಾವಿಗೆ ಶೇ. 33ಕ್ಕೆ ಇಳಿಯುತ್ತದೆ, ಅಲ್ಲಿ ಅಗಲವಾದ ತಟ್ಟೆ ಬೇಕು. ನೀರಿನ ಆಳಕ್ಕಿಂತ ಅದರ ಮೇಲ್ಮೈಯ ವಿಸ್ತಾರ ಮುಖ್ಯ. ತೇವ ಹೆಚ್ಚಲೆಂದು ಗಾಳಿಯ ರಂಧ್ರಗಳನ್ನು ಮುಚ್ಚುವುದು ಮಾತ್ರ ಸಲ್ಲದು, ಬೆಳೆಯುವ ಮರಿಗೆ ಉಸಿರು ಬೇಕು.

ಅಗ್ಗದ ತೇವಮಾಪಕಗಳು ಹಲವು ಅಂಶ ತಪ್ಪು ತೋರಿಸುವುದು ಸಾಮಾನ್ಯ. ಅವುಗಳಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ನಂಬಿಕೆಗೆ ಅರ್ಹ. ಮೊಟ್ಟೆಯ ನೀರು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ, ಅಗಲ ತುದಿಯ ಗಾಳಿಗೂಡು ದೊಡ್ಡದಾಗಬೇಕು. 18ನೇ ದಿನಕ್ಕೆ ತೂಕ ಶೇ. 12ರಿಂದ 13 ಇಳಿದಿದ್ದರೆ ತೇವ ಸರಿಯಿದೆ ಎಂದರ್ಥ. ಹತ್ತು ಮೊಟ್ಟೆ ಸೇರಿ 450 ಗ್ರಾಂ ಇದ್ದರೆ ಏಳನೇ ದಿನಕ್ಕೆ ಸುಮಾರು 22 ಗ್ರಾಂ, 18ನೇ ದಿನಕ್ಕೆ 54ರಿಂದ 58 ಗ್ರಾಂ ಕಡಿಮೆಯಾಗಿರಬೇಕು. ಇಳಿಕೆ ಸಾಲದಿದ್ದರೆ ನೀರು ತಗ್ಗಿಸಬೇಕು, ಹೆಚ್ಚಾಗಿದ್ದರೆ ಕೂಡಿಸಬೇಕು. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು, ರಕ್ತನಾಳ ಕಾಣದ ಬಂಜೆ ಮೊಟ್ಟೆಗಳನ್ನು ತೆಗೆದುಹಾಕಬಹುದು.

ಮೊಟ್ಟೆಗಳನ್ನು ದಿನಕ್ಕೆ ಮೂರು ಬಾರಿಯಾದರೂ ತಿರುಗಿಸಿ, 18ನೇ ದಿನ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಮುಚ್ಚಳ ತೆರೆಯುವ ಕುತೂಹಲವೇ ದೊಡ್ಡ ಅಪಾಯ. ಚಿಪ್ಪು ಕುಕ್ಕಿದ ಮರಿಯನ್ನು ನೋಡಲು ಮನೆಮಂದಿ ಪದೇ ಪದೇ ತೆರೆದರೆ ತೇವ ಹೊರಹೋಗಿ, ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಹೊರಬಂದ ಮರಿ ಹೊಟ್ಟೆಯೊಳಗಿನ ಹಳದಿಯ ಬಲದಿಂದ ಒಂದು ದಿನ ಆಹಾರವಿಲ್ಲದೆ ಇರಬಲ್ಲದು. ಪುಕ್ಕ ಒಣಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆದರೆ ಸಾಕು.

ವಿದ್ಯುತ್ ಹೋದಾಗ ಗಾಬರಿ ಬೇಡ. ಮೇವಿಗೆಂದು ಕಾವು ಕೋಳಿಯೂ ದಿನಕ್ಕೊಮ್ಮೆ ಮೊಟ್ಟೆ ಬಿಟ್ಟು ಏಳುತ್ತದೆ. ಮುಚ್ಚಳ ತೆರೆಯದೆ, ರಂಧ್ರ ಬಿಟ್ಟು ಕಂಬಳಿ ಹೊದಿಸಿದರೆ ಒಂದೆರಡು ಗಂಟೆ ತೊಂದರೆಯಾಗದು. ರಾತ್ರಿಯಿಡೀ ವಿದ್ಯುತ್ ಇಲ್ಲದ ಹಳ್ಳಿಯಲ್ಲಾದರೆ ಬ್ಯಾಟರಿಯ ವೆಚ್ಚವನ್ನೂ ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸುವುದು ಸೂಕ್ತ. ಅರ್ಜಿ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಒಂದು ತಂಡ ವಿಫಲವಾದರೆ ಒಡೆಯದ ಮೊಟ್ಟೆಗಳನ್ನು ಎಸೆಯುವ ಮುನ್ನ ಮನೆಯ ಹೊರಗೆ ಒಡೆದು ನೋಡುವುದು ಒಳಿತು. ಮೊದಲ ವಾರದಲ್ಲೇ ಸತ್ತಿದ್ದರೆ ಮೊಟ್ಟೆ ಬಹಳ ದಿನ ಕೂಡಿಟ್ಟದ್ದೋ ಕಾವು ಏರುಪೇರಾದದ್ದೋ ಕಾರಣವಿರಬಹುದು. ಪೂರ್ಣ ಬೆಳೆದು ಒಳಗೇ ಸತ್ತ ಮರಿಯ ಸುತ್ತ ನೀರು ನಿಂತಿದ್ದರೆ ತೇವ ಹೆಚ್ಚಾಗಿತ್ತು. ಪೊರೆ ಕಾಗದದಂತೆ ಒಣಗಿ ಅಂಟಿದ್ದರೆ ಸಾಲದಾಗಿತ್ತು. ಇದನ್ನು ದಿನಾಂಕದೊಂದಿಗೆ ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ತಂಡಕ್ಕೆ ಎಷ್ಟು ನೀರಿಡಬೇಕೆಂದು ಪಶು ಸಖಿಯೊಂದಿಗೆ ಕೂತು ನಿರ್ಧರಿಸಬಹುದು.